ಗ್ರಹಣ ಎಷ್ಟು ಗಂಟೆಗೆ ಅಂದಿರಿ, ಎಲ್ಲಿ ನಿಂತು ನೋಡಬೇಕು ಅನ್ನಲಿಲ್ಲ

ಜುಲೈ 22, ಬುಧವಾರ, ಬೆಳಿಗ್ಗೆ ಐದೂವರೆ. ನಾವು ನಾಲ್ವರು ಸೂರತ್ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನ ತಾರಸಿಯ ಮೇಲೆ ನಿಂತಿದ್ದೆವು. ರೂಮು ಹಿಡಿಯುವಾಗಲೇ ತಾರಸಿಗೆ ಬಿಡುತ್ತೀರಾ ಅಂತ ಕೇಳಿ, ಅದಕ್ಕೆ ನೂರು ರೂಪಾಯಿ ಹೆಚ್ಚು ಕೊಟ್ಟು, ಏನೋ ಸಾಧಿಸಿದವರ ಹಾಗೆ ಬೀಗಿದ್ದೆವು. ಪೂರ್ವಕ್ಕೆ ನೋಡಿದರೆ ಆರಂತಸ್ತಿನ ಅಪಾರ್ಟ್‌ಮೆಂಟು. ಅದರ ಎಡಕ್ಕೆ ಸೀರೆ ಅಂಗಡಿಯ ಹೋರ್ಡಿಂಗು. ಎರಡರ ನಡುವೆ ಒಂದು ಸಿಂಟೆಕ್ಸ್ ಟ್ಯಾಂಕು. ಶತಮಾನದ ಅತಿ ದೀರ್ಘ ಸೂರ್ಯಗ್ರಹಣ ನೋಡಲು ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದವರ ಎದುರಿಗೆ ಇದ್ದ ದೃಶ್ಯ ಇದು.

ನಮ್ಮ ದಡ್ಡತನವನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕಂದರೆ ಮುಂದೆ ಬೇರೆಯವರನ್ನೂ ಬೈಯುವುದಿದೆ. ಪತ್ರಿಕೋದ್ಯಮ ಓದಿದವರು ನಾವು. 'ಯಾರು, ಏನು, ಎಲ್ಲಿ, ಯಾವಾಗ' ಅಂತ ಮೂರು ವರ್ಷ ಬಾಯಿಪಾಠ ಮಾಡಿದವರು. ಹೊರಡುವ ಮುಂಚೆ 'ಯಾವಾಗ' ಅನ್ನುವುದನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದೆವು. 'ಎಲ್ಲಿ' ಅನ್ನುವುದಕ್ಕೆ 'ಸೂರತ್' ಅಂತ ಬರೆದು ಸುಮ್ಮನಾಗಿದ್ದೆವು. ಲಕ್ಷಾಂತರ ಜನರ ಪಟ್ಟಣದಲ್ಲಿ ಸೂರತ್ ಅನ್ನುವುದು ಒಂದು ಜಾಗವೇ?

ಕೆಳಗಿಳಿದು ಓಡಿ, ಆಟೋ ಹಿಡಿದು ತಾಪಿ ನದಿಯ ಸೇತುವೆಗೆ ಹೋದೆವು. ಅದೂ ನಮ್ಮ ಬುದ್ಧಿಯಲ್ಲ. ಕೆಳಗೆ ಚಹಾ ಮಾರುತ್ತಿದ್ದ ಖಾನ್‌ದೇಶದ ಕಡೆಯ ಮನುಷ್ಯ, ನಮ್ಮ ಕೈಯಲ್ಲಿದ್ದ ಗ್ರಹಣದ ಕನ್ನಡಕ ನೋಡಿ ನಕ್ಕು, ಇಲ್ಲೇನು ಕಾಣುತ್ತೆ, ಸೇತುವೆಗೆ ಹೋಗಿ ಅಂದ. ಆ ದಿಕ್ಕಿಗೆ ಕೈ ತೋರಿಸಿ, ಹೋಳಿ ಹೊತ್ತಿಗೆ ಅಲ್ಲಿ ಕಾಣುವ ಚಿಮಣಿಯ ಬಲಕ್ಕೆ ಹುಟ್ಟುತ್ತಾನೆ, ಈಗ ಎಡಕ್ಕೆ ಬಂದಿದ್ದಾನೆ ಅಂದ. ದಿನಾ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುವವನಿಗೆ ಸೂರ್ಯ ಎಲ್ಲಿ ಹುಟ್ಟುತ್ತಾನೆ ಅನ್ನುವುದು ಗೊತ್ತಿರುತ್ತದೆ. ನಾವು ಓದಿದ ಐದು ಕನ್ನಡ ಪತ್ರಿಕೆ, ಎರಡು ಇಂಗ್ಲಿಷ್ ಪತ್ರಿಕೆ, ವಾರವಿಡೀ ನೋಡಿದ ಚಾನೆಲ್‌ಗಳಲ್ಲಿ ಒಂದರಲ್ಲೂ ಈ ಒಂದು ಸಾಲು ಇರಲಿಲ್ಲ.

ಈ ಬರಹದ ತಕರಾರು ಇಷ್ಟೇ. ಈ ಸಲದ ಗ್ರಹಣ ನೆತ್ತಿಯ ಮೇಲಿನ ಗ್ರಹಣ ಆಗಿರಲಿಲ್ಲ. ದಿಗಂತಕ್ಕೆ ಅಂಟಿಕೊಂಡ ಗ್ರಹಣ. ನೆತ್ತಿಯ ಮೇಲೆ ಗ್ರಹಣವಾದರೆ ದೆಹಲಿಯ ಏಜೆನ್ಸಿ ಸುದ್ದಿಯನ್ನು ತರ್ಜುಮೆ ಮಾಡಿ ಸಮಯ ಹಾಕಿದರೆ ಸಾಕು, ಅಂಗಳಕ್ಕೆ ಬಂದು ತಲೆ ಎತ್ತಿದವರಿಗೆಲ್ಲ ಕಾಣುತ್ತದೆ. ಸೂರ್ಯ ನೆಲದಿಂದ ಮೂರು ಡಿಗ್ರಿ ಎತ್ತರದಲ್ಲಿದ್ದಾಗ ಹಾಗಲ್ಲ. ಆಗ ಅದು ಊರೂರಿನ ಸುದ್ದಿ, ಬೀದಿ ಬೀದಿಯ ಸುದ್ದಿ. ಯಾವ ಕೆರೆ ಏರಿ, ಯಾವ ದಿಬ್ಬ, ಯಾವ ಶಾಲೆಯ ಮೈದಾನ ಅನ್ನುವುದನ್ನು ಆ ಊರಿನ ವರದಿಗಾರ ಮಾತ್ರ ಹೇಳಬಲ್ಲ. ಜಿಲ್ಲಾ ವರದಿಗಾರನ ಕೈಗೆ ಸಿಕ್ಕಿದ್ದ ಒಂದು ಒಳ್ಳೆಯ ಸುದ್ದಿಯನ್ನು ನಾವೆಲ್ಲ ಸೇರಿ ಜ್ಯೋತಿಷಿಗಳ ಕೈಗೆ ಕೊಟ್ಟೆವು.

ಮೂರು ಡಿಗ್ರಿ ಅಂದರೆ ಎಷ್ಟು? ಕೈಯನ್ನು ಪೂರ್ತಿ ಮುಂದೆ ಚಾಚಿ, ದಿಗಂತದ ಮೇಲೆ ಎರಡು ಬೆರಳು ಅಡ್ಡ ಇಡಿ. ಹೆಚ್ಚುಕಡಿಮೆ ಅಷ್ಟೇ. ಸೂರತ್‌ನಲ್ಲಿ 6 ಗಂಟೆ 21 ನಿಮಿಷಕ್ಕೆ ಸೂರ್ಯ ಪೂರ್ತಿ ಮುಚ್ಚಿಹೋದಾಗ ಅವನು ಇದ್ದದ್ದು ಅಲ್ಲಿ. ಹುಟ್ಟಿ ಕಾಲು ಗಂಟೆ ಆಗಿತ್ತು, ಅಷ್ಟರಲ್ಲಿ ಮುಳುಗಿದ. ಇನ್ನೂರು ಮೀಟರ್ ದೂರದಲ್ಲಿ ಮೂರಂತಸ್ತಿನ ಒಂದು ಮನೆ ಇದ್ದರೆ ಸಾಕು, ಶತಮಾನದ ಗ್ರಹಣ ಆ ಮನೆಯ ಹಿಂದೆ ಮುಗಿದುಹೋಗುತ್ತದೆ.

ಇನ್ನು ದಿಕ್ಕು. ಪೂರ್ವಕ್ಕೆ ನೋಡಿ ಅಂತ ಎಲ್ಲರೂ ಬರೆದರು. ಜುಲೈ ತಿಂಗಳಲ್ಲಿ ಸೂರ್ಯ ಸರಿಯಾದ ಪೂರ್ವಕ್ಕೆ ಹುಟ್ಟುತ್ತಾನೆಯೇ? ಆ ದಿನ ಸೂರತ್‌ನಲ್ಲಿ ಅವನು ಹುಟ್ಟಿದ್ದು ಪೂರ್ವದಿಂದ ಸುಮಾರು ಇಪ್ಪತ್ತೆರಡು ಡಿಗ್ರಿ ಉತ್ತರಕ್ಕೆ ಸರಿದು. ಚಾಚಿದ ಕೈಯಲ್ಲಿ ಮುಷ್ಟಿ ಹಿಡಿದು ಅಳೆದರೆ ಎರಡು ಮುಷ್ಟಿಗಿಂತ ಹೆಚ್ಚು ಎಡಕ್ಕೆ. ಉತ್ತರಾಯಣ, ದಕ್ಷಿಣಾಯನ ಅಂತ ದಿನಾ ಪಂಚಾಂಗ ಓದುವ ನಾಡು ಇದು. ನಮ್ಮ ಅಪ್ಪಂದಿರು ಕಣದಲ್ಲಿ ಬಿದ್ದ ನೆರಳು ನೋಡಿ ತಿಂಗಳು ಹೇಳುತ್ತಿದ್ದರು. ಅವರ ಮಕ್ಕಳು ಡೆಸ್ಕಿನಲ್ಲಿ ಕುಳಿತು 'ಪೂರ್ವ ದಿಗಂತದಲ್ಲಿ' ಅಂತ ಬರೆದು ಪುಟ ಕಳಿಸಿದೆವು.

ಸೂರತ್‌ನವರೂ ನಮ್ಮಷ್ಟೇ ಮೋಸ ಹೋದರು ಅನ್ನಿ. ಬಯಲು ಬೇಕು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸಮುದ್ರ. ನಮ್ಮ ಲಾಡ್ಜಿನಲ್ಲಿದ್ದ ಒಂದು ಕುಟುಂಬ ಡುಮಸ್ ಬೀಚಿಗೆ ಹೊರಟಿತ್ತು. ಅರಬ್ಬೀ ಸಮುದ್ರ ಇರುವುದು ಪಶ್ಚಿಮಕ್ಕೆ, ಸ್ವಾಮಿ. ಅಲ್ಲಿ ನಿಂತು ತಿರುಗಿ ನೋಡಿದರೆ ಸೂರ್ಯ ಹುಟ್ಟುವುದು ಊರಿನ ಕಟ್ಟಡಗಳ ಮೇಲೆ. ಒಂದು ಸಾಲು ಯಾರಾದರೂ ಬರೆದಿದ್ದರೆ ಆ ಮನುಷ್ಯ ಮೂರು ಮಕ್ಕಳನ್ನು ಕತ್ತಲಲ್ಲಿ ಎಬ್ಬಿಸಿಕೊಂಡು ಅಷ್ಟು ದೂರ ಹೋಗುತ್ತಿರಲಿಲ್ಲ.

ಮತ್ತೆ ಇದೆಲ್ಲ ಖಗೋಳಶಾಸ್ತ್ರದ ದೊಡ್ಡ ವಿದ್ಯೆಯೇನಲ್ಲ. ಗ್ರಹಣದ ಹಿಂದಿನ ದಿನ, ಅದೇ ಹೊತ್ತಿಗೆ, ಆ ಜಾಗದಲ್ಲಿ ಹೋಗಿ ನಿಂತರೆ ಮುಗಿಯಿತು. ಒಂದು ದಿನದಲ್ಲಿ ಸೂರ್ಯ ಕದಲುವುದು ಕಣ್ಣಿಗೆ ಗೊತ್ತಾಗದಷ್ಟು. 21ನೇ ತಾರೀಖು 6:21ಕ್ಕೆ ಎಲ್ಲಿ ಇದ್ದನೋ 22ಕ್ಕೂ ಅಲ್ಲೇ ಇರುತ್ತಾನೆ. ಮೋಡ ಇದ್ದರೆ ಅದರ ಹಿಂದಿನ ದಿನ. ಒಂದು ವಾರ ಮುಂಚೆ ಹೋದರೂ ಹೆಚ್ಚು ತಪ್ಪಾಗದು. ಒಂದು ಸೈಕಲ್ಲು, ಒಂದು ಗಡಿಯಾರ ಇರುವ ಯಾವ ತಾಲೂಕು ವರದಿಗಾರ ಬೇಕಾದರೂ ಮಾಡಬಹುದಾದ ಕೆಲಸ. ನಾವೂ ಮಾಡಲಿಲ್ಲ, 21ರ ಬೆಳಿಗ್ಗೆ ನಾವಿನ್ನೂ ರೈಲಿನಲ್ಲಿ ಅವಲಕ್ಕಿ ತಿನ್ನುತ್ತಿದ್ದೆವು.

ಇದು ಸೂರತ್‌ನ ಕತೆ, ಕರ್ನಾಟಕಕ್ಕೇನು ಅನ್ನಬೇಡಿ. ನಮಗೆ ಕಂಡದ್ದು ಭಾಗಶಃ ಗ್ರಹಣವೇ ಆದರೂ, ಅದೂ ಹೊತ್ತು ಹುಟ್ಟುವಾಗಿನದ್ದೇ. ಗ್ರಹಣ ಹಿಡಿದುಕೊಂಡೇ ಸೂರ್ಯ ಹುಟ್ಟಿದರೆ ಪಂಚಾಂಗದಲ್ಲಿ ಅದಕ್ಕೆ 'ಗ್ರಸ್ತೋದಯ' ಅನ್ನುತ್ತಾರೆ. ಎಂಥ ಚಂದದ, ಕರಾರುವಾಕ್ಕಾದ ಮಾತು! ಈ ಸಲದ್ದು ಗ್ರಸ್ತೋದಯ ಅಂತ ಬರೆದು ಅದರ ಅರ್ಥ ಬಿಡಿಸಿ ಹೇಳಿದ್ದರೂ ಓದುಗನಿಗೆ ಅರ್ಧ ವಿಷಯ ಹೊಳೆಯುತ್ತಿತ್ತು. ನಮ್ಮಲ್ಲೊಬ್ಬನ ಊರು ಕುದುರೆಮುಖದ ಬುಡದಲ್ಲಿದೆ, ಪಶ್ಚಿಮದ ಮಗ್ಗುಲಿಗೆ. ಅಲ್ಲಿ ಪೂರ್ವಕ್ಕೆ ಇರುವುದು ಆರು ಸಾವಿರ ಅಡಿಗಳ ಗೋಡೆ. ಪೇಪರಿನಲ್ಲಿ ಸೂರ್ಯೋದಯ ಆದ ಅರ್ಧ ಗಂಟೆಯ ಮೇಲೆ ಆ ಊರಿಗೆ ಬಿಸಿಲು ಬರುತ್ತದೆ. 6:20ಕ್ಕೆ ಗ್ರಹಣ ನೋಡಿ ಅಂತ ಅವರಿಗೆ ಹೇಳುವುದು ಬೆಟ್ಟ ನೋಡಿ ಅಂದಂತೆ. ಅದರ ಮೇಲೆ ಆಟಿ ತಿಂಗಳ ಮಳೆ. ಆ ಊರಿನವರಿಗೆ ಈ ಗ್ರಹಣ ಇರಲೇ ಇಲ್ಲ. ಆದರೂ ಆ ಊರಿನಲ್ಲಿ ಹಿಂದಿನ ರಾತ್ರಿಯ ಅನ್ನ ಚೆಲ್ಲಿದರು, ನೀರಿಗೆ ದರ್ಬೆ ಹಾಕಿದರು, ಬಸುರಿ ಹುಡುಗಿಯೊಬ್ಬಳನ್ನು ಕೋಣೆಯಲ್ಲಿ ಕೂಡಿ ಹಾಕಿದರು. ಕಾಣದ ಗ್ರಹಣದ ಭಯ ಮಾತ್ರ ಡಿಶ್ ಆಂಟೆನಾ ಮೂಲಕ ಬೆಟ್ಟ ದಾಟಿ ಬಂದಿತ್ತು.

ಈ ಭಯದ ಫ್ಯಾಕ್ಟರಿಯ ಒಳಗಿನ ಸುದ್ದಿ ಸ್ವಲ್ಪ ಹೇಳುತ್ತೇವೆ. ನಮ್ಮ ಬ್ಯಾಚಿನ ಗೆಳೆಯನೊಬ್ಬ ಒಂದು ಸುದ್ದಿ ಚಾನೆಲ್‌ನಲ್ಲಿದ್ದಾನೆ. ಹೆಸರು ಬೇಡ, ಅವನ ಹೊಟ್ಟೆಪಾಡು. ಗ್ರಹಣದ ವಾರ ಅವನಿಗೆ ಸಿಕ್ಕ ಅಸೈನ್‌ಮೆಂಟ್: ಗ್ರಹಣದ ದಿನ ಹೆರಿಗೆ ಮುಂದೂಡಲು ಕೇಳಿಕೊಂಡ ಗರ್ಭಿಣಿಯರನ್ನು ಹುಡುಕು. ಮೂರು ಆಸ್ಪತ್ರೆ ಸುತ್ತಿದ. ಒಬ್ಬರೂ ಸಿಗಲಿಲ್ಲ. ಸಿಗಲಿಲ್ಲ ಅಂತ ಹೇಳಿದ್ದಕ್ಕೆ, ಹಾಗಾದರೆ ಕೇಳಿಕೊಳ್ಳುತ್ತೀರಾ ಅಂತ ನೀನೇ ಕೇಳು ಅಂದರಂತೆ. ಕೇಳಿದ. ಇಬ್ಬರು ಹೆದರಿದರು. ಸುದ್ದಿ ಆಯಿತು.

ಆ ದಿನ ಆಷಾಢದ ಅಮಾವಾಸ್ಯೆ, ಅಂದರೆ ನಮ್ಮ ಕಡೆ ಭೀಮನ ಅಮಾವಾಸ್ಯೆ. ಹೆಂಗಸರು ಗಂಡನ ಪಾದಪೂಜೆ ಮಾಡುವ ದಿನ. ಸ್ಟುಡಿಯೋಗಳಿಗೆ ಹಬ್ಬವೋ ಹಬ್ಬ. ಪೂಜೆ ಗ್ರಹಣಕ್ಕೆ ಮುಂಚೆಯೋ ನಂತರವೋ, ಮಾಡದಿದ್ದರೆ ಗಂಡನಿಗೇನು, ಕರ್ಕಾಟಕ ರಾಶಿಯವರ ಗಂಡನಿಗೆ ಇನ್ನೇನು. ನಾಲ್ಕು ಜನ ಜ್ಯೋತಿಷಿಗಳು, ಅವರ ನಡುವೆ ಹೆಸರಿಗೆ ಒಬ್ಬರು ವಿಜ್ಞಾನದ ಮೇಷ್ಟ್ರು. ಮೇಷ್ಟ್ರು ಬಾಯಿ ತೆರೆದರೆ 'ಒಂದು ಸಣ್ಣ ವಿರಾಮ'. ಇಷ್ಟು ಗಂಟೆಗಳ ಮಾತಿನಲ್ಲಿ ಯಾರೊಬ್ಬರೂ, ನಾಳೆ ಬೆಳಿಗ್ಗೆ ನಿಮ್ಮ ಊರಿನಲ್ಲಿ ಪೂರ್ವದ ಬಯಲು ಎಲ್ಲಿ ಕಾಣುತ್ತದೆ, ಇವತ್ತೇ ನೋಡಿಕೊಂಡು ಬನ್ನಿ ಅನ್ನಲಿಲ್ಲ.

ಮೂಢನಂಬಿಕೆ ವಿರೋಧಿಸುತ್ತೇವೆ ಅನ್ನುವ ಪತ್ರಿಕೆಗಳು ಕಡಿಮೆ ಏನಲ್ಲ. ಅವು ಇನ್ನೊಂದು ಬಗೆಯ ಸೋಮಾರಿತನ ತೋರಿಸಿದವು. ಗ್ರಹಣವೆಂದರೆ ನೆರಳು, ಹೆದರಬೇಡಿ ಅಂತ ಸಂಪಾದಕೀಯ. ಅದನ್ನು ಆರ್ಯಭಟ ಕ್ರಿ.ಶ. 499ರಲ್ಲಿ ಹೇಳಿಯಾಗಿದೆ. ಹೆದರಬೇಡಿ ಅಂದವರು ಮುಂದಿನ ಸಾಲಿನಲ್ಲಿ, ಹಾಗಾದರೆ ಇಲ್ಲಿ ಬಂದು ನಿಂತು ಹೀಗೆ ನೋಡಿ ಅನ್ನಬೇಕಲ್ಲವೇ? ಅದು ಇಲ್ಲ. ನೋಡಿದವನ ಭಯ ತಾನಾಗಿ ಹೋಗುತ್ತದೆ. ನೋಡಲು ದಾರಿ ಹೇಳದೆ ಭಯಪಡಬೇಡ ಅನ್ನುವುದು ಈಜು ಕಲಿಸದೆ ಬಾವಿಗೆ ಬೀಳಬೇಡ ಅಂದ ಹಾಗೆ.

ಕಣ್ಣಿನ ವಿಷಯವೂ ಹಾಗೇ. ಗ್ರಹಣ ನೋಡಬೇಡಿ, ಕುರುಡಾಗುತ್ತೀರಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದರು. ಅರ್ಧ ಸತ್ಯ. ಸೂರ್ಯನ ಚೂರು ಕಾಣುತ್ತಿರುವಷ್ಟು ಹೊತ್ತು ಬರಿಗಣ್ಣಿನಲ್ಲಿ ನೋಡಬಾರದು, ಖಂಡಿತ ಬಾರದು. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ, ಸುಟ್ಟರೂ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ದಿಗಂತದ ಹತ್ತಿರ ಸೂರ್ಯ ಕೆಂಪಗೆ ತಣ್ಣಗೆ ಕಾಣುವುದರಿಂದ ಈ ಮೋಸ ಇನ್ನೂ ಹೆಚ್ಚು. ಮೂರು ಡಿಗ್ರಿ ಎತ್ತರದಲ್ಲಿ ಅವನ ಬೆಳಕು ನೆತ್ತಿಯ ಮೇಲಿರುವಾಗಿಗಿಂತ ಹದಿನೈದು ಪಟ್ಟು ದಪ್ಪದ ಗಾಳಿ ದಾಟಿ ಬರುತ್ತದೆ, ಕಣ್ಣು ಚುಚ್ಚುವುದಿಲ್ಲ, ಹಾಗಂತ ಅಪಾಯ ತಪ್ಪಿತು ಅಂತಲ್ಲ. ಈ ಎಚ್ಚರಿಕೆಯನ್ನು ಯಾರಾದರೂ ಬರೆದರೇ? ಇಲ್ಲ. ಸೂರ್ಯ ಪೂರ್ತಿ ಮುಚ್ಚಿದ ಆ ಮೂರು ನಿಮಿಷ ಮಾತ್ರ ಬರಿಗಣ್ಣಿನಲ್ಲಿ ನೋಡಬಹುದು, ಅದನ್ನು ಬರಿಗಣ್ಣಿನಲ್ಲೇ ನೋಡಬೇಕು, ಕನ್ನಡಕ ಹಾಕಿದರೆ ಏನೂ ಕಾಣದು ಅನ್ನುವುದನ್ನೂ ಬರೆಯಲಿಲ್ಲ. ಎಲ್ಲದಕ್ಕೂ ಒಂದೇ ಮಾತು: ನೋಡಬೇಡಿ, ಟೀವಿಯಲ್ಲಿ ನೋಡಿ.

ಟೀವಿಯಲ್ಲಿ ನೋಡಿ ಅನ್ನುವುದಕ್ಕೆ ಇತಿಹಾಸವಿದೆ. 1980ರ ಫೆಬ್ರವರಿ 16, ಶನಿವಾರ. ಅಂಕೋಲಾದ ಕಡಲಿನಿಂದ ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು ಸಂಪೂರ್ಣ ಗ್ರಹಣ ಹೋಯಿತು. ಬೆಂಗಳೂರಿನ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಕಾಯುತ್ತಿದ್ದರು. ದೂರದರ್ಶನದವರು ಆ ಮಧ್ಯಾಹ್ನ 'ಚುಪ್ಕೆ ಚುಪ್ಕೆ' ಸಿನಿಮಾ ಹಾಕಿದರು, ಜನ ಹೊರಗೆ ಬರದೇ ಇರಲಿ ಅಂತ. ನಮ್ಮಲ್ಲೊಬ್ಬನ ಅಪ್ಪ ಆಗ ಇಪ್ಪತ್ತೆರಡರ ಹುಡುಗ, ಗದಗಿನ ಹತ್ತಿರದ ಹಳ್ಳಿ. ಟೀವಿ ಇರಲಿಲ್ಲ. ಅವರ ಮನೆಯಲ್ಲಿ ಕಿಟಕಿಗೆ ಕಂಬಳಿ ಹೊಡೆದು, ಬಾಗಿಲಿಗೆ ಅಗಳಿ ಹಾಕಿ, ಹನ್ನೊಂದು ಜನ ಒಂದು ಕೋಣೆಯಲ್ಲಿ ಕುಳಿತಿದ್ದರಂತೆ. ಅದು ಮೂರೂಮುಕ್ಕಾಲರ ಹೊತ್ತು, ಫೆಬ್ರವರಿಯ ಬಿಸಿಲು, ಸೂರ್ಯ ಆಕಾಶದಲ್ಲಿ ಸಾಕಷ್ಟು ಎತ್ತರ. ಅದಕ್ಕೆ ಸೇತುವೆಯೂ ಬೇಡ, ದಿಬ್ಬವೂ ಬೇಡ. ಬಾಗಿಲು ತೆರೆದಿದ್ದರೆ ಸಾಕಿತ್ತು.

ಸೂರತ್‌ನಿಂದ ಅವನು ಅಪ್ಪನಿಗೆ ಫೋನ್ ಮಾಡಿದ. "ಕಂಡ್ತೇನೋ?" "ಇಲ್ರೀ, ಮಾಡ ಆಗಿತ್ತು." "ಕತ್ತಲಾತಿಲ್ಲೋ?" "ಆತ್ರಿ, ಪೂರ್ತಿ ಆತು." ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು: "ನಮಗ ಅದೂ ಗೊತ್ತಾಗ್ಲಿಲ್ಲ ನೋಡಪಾ. ಒಳಗ ಮೊದಲ ಕತ್ತಲಿತ್ತು."

ಹೌದು, ಸೂರತ್‌ನಲ್ಲಿ ಮೋಡ. ಸೇತುವೆಯ ಮೇಲೆ ನೂರಾರು ಜನ. ಚಿಮಣಿಯ ಎಡಕ್ಕೆ ಸೂರ್ಯ ಹುಟ್ಟಬೇಕಾದ ಕಡೆ ಬೂದು ಗೋಡೆ. ಇದನ್ನೂ ಹೇಳಬಹುದಿತ್ತು ಮುಂಚೆಯೇ. ಜುಲೈ ಅಂದರೆ ಮುಂಗಾರಿನ ನಡುಮಧ್ಯ, ಮೋಡ ಇರುವ ಸಾಧ್ಯತೆಯೇ ಹೆಚ್ಚು ಅಂತ ಹವಾಮಾನ ಬಲ್ಲವರು ಹೇಳುತ್ತಲೇ ಇದ್ದರು. ಸೂರ್ಯ ಕೆಳಗಿದ್ದಾಗ ನಿಮ್ಮ ತಲೆಯ ಮೇಲಿನ ಆಕಾಶ ತೆರವಾಗಿದ್ದು ಪ್ರಯೋಜನವಿಲ್ಲ. ಎರಡು ಕಿಲೋಮೀಟರ್ ಎತ್ತರದ ಮೋಡ ಮೂರು ಡಿಗ್ರಿಯ ಸೂರ್ಯನನ್ನು ಮುಚ್ಚುವುದು ನಿಮ್ಮಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ. ಅಲ್ಲಿಯ ಮೋಡಗಳ ನಡುವೆ ಸಂದು ಇದ್ದರೂ ಓರೆಯಾಗಿ ನೋಡುವವರಿಗೆ ಒಂದರ ಹಿಂದೆ ಒಂದು ಸೇರಿ ಗೋಡೆಯಾಗುತ್ತವೆ. ಸೂರತ್‌ನ ಹವಾಮಾನ ನೋಡಿ ಹೊರಟ ನಾವು ನೋಡಬೇಕಾಗಿದ್ದು ಈಶಾನ್ಯದ ದೂರದ ಊರುಗಳ ಹವಾಮಾನ.

ಆದರೂ ಹೋದದ್ದಕ್ಕೆ ನಮಗೆ ಪಶ್ಚಾತ್ತಾಪ ಇಲ್ಲ. ಆರು ಇಪ್ಪತ್ತರ ಹೊತ್ತಿಗೆ ನಮ್ಮ ಬೆನ್ನ ಹಿಂದೆ, ಪಶ್ಚಿಮಕ್ಕೆ, ಆಕಾಶ ಕಪ್ಪಾಗತೊಡಗಿತು. ಗುಡುಗಿನ ಮೋಡ ಅಂದುಕೊಂಡೆವು. ಅದು ಸಮುದ್ರದ ಮೇಲಿಂದ ಬರುತ್ತಿದ್ದ ಚಂದ್ರನ ನೆರಳು. ನಾವೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಾಗ ಅದು ಹಿಂದಿನಿಂದ ಬಂದು ನಮ್ಮನ್ನು ದಾಟಿ ಸೂರ್ಯನ ಕಡೆಗೆ ಹೋಯಿತು. ಹತ್ತು ಸೆಕೆಂಡಿನಲ್ಲಿ ಪಕ್ಕದವನ ಮುಖ ಕಾಣದಾಯಿತು. ಸೇತುವೆಯ ಮೇಲಿನ ವಾಹನಗಳು ದೀಪ ಹಾಕಿದವು. ಆಗಷ್ಟೇ ಗೂಡು ಬಿಟ್ಟಿದ್ದ ಕಾಗೆಗಳ ಗದ್ದಲ ನಿಂತೇ ಹೋಯಿತು. ದೂರದ ಅಂಚಿನಲ್ಲಿ ಮಾತ್ರ, ನೆರಳು ಮುಗಿಯುವ ಕಡೆ, ಮಂಕಾದ ಕಿತ್ತಳೆ ಬಣ್ಣ. ಮೂರು ನಿಮಿಷ ಮತ್ತೂ ಸ್ವಲ್ಪ ಹೊತ್ತು. ಆಮೇಲೆ ಬೆಳಕು ಬಂದದ್ದೂ ಪಶ್ಚಿಮದಿಂದಲೇ. ಬೆಳಗಾದದ್ದು ಪಶ್ಚಿಮದಿಂದ! ನಮ್ಮ ಪಕ್ಕ ನಿಂತಿದ್ದ ಮುದುಕಿಯೊಬ್ಬಳು ಎರಡೂ ಕಡೆಗೆ ಕೈಮುಗಿದಳು. ನಮಗೂ ಏನು ಮಾಡಬೇಕೋ ತಿಳಿಯಲಿಲ್ಲ.

ಇದನ್ನು ಬರೆದವರು ಯಾರು? ನಾವು ಮರುದಿನ ನೋಡಿದ ಪತ್ರಿಕೆಗಳಲ್ಲಿ ವಾರಾಣಸಿಯ ಘಾಟಿನ ಚಿತ್ರಗಳೇ. ಅಲ್ಲಿ ಆಕಾಶ ತೆರವಾಗಿತ್ತು, ಚಿತ್ರಗಳು ಅದ್ಭುತವಾಗಿದ್ದವು, ಜನಸಂದಣಿಯಲ್ಲಿ ಒಬ್ಬ ವೃದ್ಧೆ ತೀರಿಕೊಂಡ ಸುದ್ದಿಯೂ ಇತ್ತು. ಉಳಿದ ಕಡೆಯದೆಲ್ಲ 'ಮೋಡದಿಂದ ನಿರಾಸೆ' ಅನ್ನುವ ಎರಡು ಪದ. ಮೋಡದ ಕೆಳಗೆ ನಿಂತವರಿಗೆ ಏನಾಯಿತು ಅನ್ನುವುದು ಸುದ್ದಿಯಲ್ಲವೇ?

ಬಿಹಾರದ ತರೇಗನಾದ ಕತೆ ಇನ್ನೂ ಬೇಜಾರಿನದು. ಅಮೆರಿಕದ ನಾಸಾದವರು ಇದೇ ಅತ್ಯುತ್ತಮ ಜಾಗ ಅಂದಿದ್ದಾರೆ ಅಂತ ವಾರಗಟ್ಟಲೆ ಡಂಗುರ. ಪಾಟ್ನಾದ ಹತ್ತಿರದ ಸಣ್ಣ ಊರು, ಆರ್ಯಭಟ ಅಲ್ಲಿ ನಕ್ಷತ್ರ ಎಣಿಸುತ್ತಿದ್ದ ಅನ್ನುವ ಪ್ರತೀತಿ ಇದೆ. ಅಲ್ಲಿ ಸೂರ್ಯ ಹದಿನೈದು ಡಿಗ್ರಿಯಷ್ಟು ಮೇಲಿರುತ್ತಾನೆ, ಗ್ರಹಣ ಸೂರತ್‌ಗಿಂತ ಸ್ವಲ್ಪ ಹೆಚ್ಚು ಹೊತ್ತು, ಅದೆಲ್ಲ ನಿಜ. ಆದರೆ ನೆರಳಿನ ಪಟ್ಟಿಯ ಅಗಲ ಇನ್ನೂರು ಕಿಲೋಮೀಟರ್, ಉದ್ದ ಗುಜರಾತಿನಿಂದ ಅರುಣಾಚಲದವರೆಗೆ. ಅದರೊಳಗಿನ ಸಾವಿರಾರು ಹಳ್ಳಿಗಳೂ ಒಳ್ಳೆಯ ಜಾಗಗಳೇ. ಒಂದು ಊರಿಗೆ 'ಅತ್ಯುತ್ತಮ' ಅನ್ನುವ ಹಣೆಪಟ್ಟಿ ಕೊಟ್ಟ ಕೂಡಲೇ ಉಳಿದ ಊರಿನವರಿಗೆ ತಮ್ಮ ತಲೆಯ ಮೇಲೂ ಅದೇ ಗ್ರಹಣ ಇದೆ ಅನ್ನುವುದು ಮರೆತುಹೋಗುತ್ತದೆ. ಕ್ಯಾಮೆರಾಗಳೆಲ್ಲ ತರೇಗನಾದಲ್ಲಿ, ಅಲ್ಲಿಯೂ ಮೋಡ. ದುಡ್ಡಿದ್ದವರು ದೆಹಲಿಯಿಂದ ವಿಮಾನವನ್ನೇ ಬಾಡಿಗೆಗೆ ಹಿಡಿದು ಮೋಡದ ಮೇಲೆ ಹಾರಿ ನೋಡಿಬಂದರು.

ಈಗ ಗುಲ್ಬರ್ಗದ ವಿಷಯ. ಬರೆಯಲು ಕಷ್ಟವಾಗುತ್ತದೆ. ಗ್ರಹಣದ ಹೊತ್ತಿನಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಕೈಕಾಲು ಸರಿಹೋಗುತ್ತವೆ ಅನ್ನುವ ನಂಬಿಕೆ. ಮಕ್ಕಳು ಅಳುತ್ತಿದ್ದವು, ಕ್ಯಾಮೆರಾಗಳು ಓಡುತ್ತಿದ್ದವು. ಆ ತಂದೆತಾಯಿಯರನ್ನು ಬೈದು ನಾವು ದೊಡ್ಡವರಾಗುವುದಿಲ್ಲ. ಅಲ್ಲಿ ಹೋದ ವರದಿಗಾರರಲ್ಲಿ ಎಷ್ಟು ಜನ, ಈ ಮಗುವನ್ನು ಕೊನೆಯ ಬಾರಿ ಡಾಕ್ಟರು ನೋಡಿದ್ದು ಯಾವಾಗ, ಫಿಸಿಯೋಥೆರಪಿ ಎಷ್ಟು ದೂರದಲ್ಲಿ ಸಿಗುತ್ತದೆ, ಬಸ್ಸಿನ ಚಾರ್ಜು ಎಷ್ಟು, ಪಿಂಚಣಿ ಬರುತ್ತಿದೆಯೇ ಅಂತ ಕೇಳಿದರು? ನಾವು ಓದಿದ ಒಂದು ವರದಿಯಲ್ಲೂ ಅದು ಇರಲಿಲ್ಲ. ಗ್ರಾಮೀಣ ವರದಿಗಾರಿಕೆ ಅಂತ ಸರ್ಟಿಫಿಕೇಟು ಹಿಡಿದುಕೊಂಡು ಬಂದ ನಮಗೆ ಇದು ಚುಚ್ಚುತ್ತದೆ. ಇನ್ನೊಂದೂ ಚುಚ್ಚುತ್ತದೆ: ಆ ಸೀಮೆ ಬಯಲು. ನಮ್ಮ ಕುದುರೆಮುಖದ ಹುಡುಗನಿಗೆ ಇಲ್ಲದ ದಿಗಂತ ಅಲ್ಲಿದೆ. ಹೊತ್ತು ಹುಟ್ಟುವಾಗಿನ ಗ್ರಹಣ ನೋಡಲು ಇಡೀ ರಾಜ್ಯದಲ್ಲಿ ಅಂಥ ಜಾಗ ಕಡಿಮೆ. ರಟ್ಟಿಗೆ ಸೂಜಿಯಲ್ಲಿ ಒಂದು ತೂತು ಕೊರೆದು, ನೆಲದ ಮೇಲೆ ಬಿದ್ದ ಪುಟ್ಟ ಕುಡುಗೋಲಿನಂಥ ಸೂರ್ಯನನ್ನು ಆ ಮಕ್ಕಳಿಗೆ ತೋರಿಸಬಹುದಿತ್ತು.

ನಮಗೆ ಬರುವ ಉತ್ತರ ಗೊತ್ತು. ಒಂದು, ಜನ ಅದನ್ನೇ ಕೇಳುತ್ತಾರೆ, ಟಿಆರ್‌ಪಿ ನೋಡಿ. ಚಹಾ ಮಾರುವವನು ಕೇಳಿದ್ದು ಅದನ್ನಲ್ಲ, ಅವನು ತನಗೆ ಗೊತ್ತಿದ್ದನ್ನು ನಮಗೇ ಹೇಳಿದ. ಎಲ್ಲಿ ನಿಲ್ಲಬೇಕು ಅನ್ನುವ ಸುದ್ದಿಯನ್ನು ಒಂದು ಸಲವೂ ಕೊಡದೆ ಜನರಿಗೆ ಬೇಡ ಅಂತ ತೀರ್ಮಾನಿಸಿದವರು ಯಾರು? ಎರಡು, 2009ರಲ್ಲಿ ಮಳೆ ಕೈಕೊಟ್ಟಿತ್ತು, ರೈತ ಬಿತ್ತನೆಯ ಚಿಂತೆಯಲ್ಲಿದ್ದಾಗ ನಿಮ್ಮ ಗ್ರಹಣ ಯಾವ ಲೆಕ್ಕ. ಈ ಮಾತಿಗೆ ನಮ್ಮಲ್ಲೇ ಜಗಳವಾಯಿತು, ಇನ್ನೂ ಮುಗಿದಿಲ್ಲ. ಆದರೆ ರೈತನ ಚಿಂತೆಗೆ ಜಾಗವಿಲ್ಲದ ಚಾನೆಲ್ಲು ಗ್ರಹಣದ ದೋಷಕ್ಕೆ ದಿನಗಟ್ಟಲೆ ಜಾಗ ಕೊಡುತ್ತದೆ, ಗ್ರಹಣ ನೋಡುವ ಬಗೆ ಕೇಳಿದಾಗ ಮಾತ್ರ ಅದಕ್ಕೆ ರೈತ ನೆನಪಾಗುತ್ತಾನೆ.

ಹಳ್ಳಿಯವರಿಗೆ ಇದೆಲ್ಲ ಹೊಸದು ಅನ್ನುವವರಿಗೆ ಒಂದು ಮಾತು. 1868ರ ಆಗಸ್ಟ್ 18ರಂದು ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಲೆಫ್ಟಿನೆಂಟ್ ರೋಹಿತದರ್ಶಕ ಹಿಡಿದು ನಿಂತಿದ್ದ. ಅವತ್ತೂ ಮೋಡ. ಮೋಡದ ಸಂದಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಒಡೆದು ನೋಡಿ, ಅವು ಉರಿಯುವ ಅನಿಲ ಎಂದು ಕಂಡುಕೊಂಡ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಫ್ರಾನ್ಸಿನ ಜಾನ್ಸೆನ್ ಹೆಸರು ಹೀಲಿಯಂನ ಕತೆಯ ಜೊತೆ ಸೇರಿಹೋಗಿದೆ. ನಮ್ಮಲ್ಲಿ ಇಬ್ಬರು ಬಾಗಲಕೋಟೆ ಜಿಲ್ಲೆಯವರು. ಇಬ್ಬರಿಗೂ ಈ ವಾರದವರೆಗೆ ಗೊತ್ತಿರಲಿಲ್ಲ.

ಭಾರತದ ನೆಲದ ಮೇಲೆ ಮುಂದಿನ ಸಂಪೂರ್ಣ ಸೂರ್ಯಗ್ರಹಣ 2034ರ ಮಾರ್ಚ್ 20ಕ್ಕೆ, ಕಾಶ್ಮೀರ ಮತ್ತು ಲಡಾಖ್ ಕಡೆ, ಅದೂ ಸಂಜೆಯ ಹೊತ್ತಿಗೆ, ಬೆಟ್ಟಗಳ ನಡುವೆ. ಯಾವ ಊರಿನಿಂದ ಸೂರ್ಯ ಬೆಟ್ಟದ ಹಿಂದೆ ಹೋಗಿರುತ್ತಾನೆ, ಯಾವ ಊರಿನಿಂದ ಇಲ್ಲ ಅನ್ನುವುದನ್ನು ಅಲ್ಲಿಯ ಯಾವ ಹುಡುಗ ಬೇಕಾದರೂ ಬರುವ ಮಾರ್ಚ್ 20ರಂದೇ ನೋಡಿ ಬರೆದಿಡಬಹುದು. ವರ್ಷಗಳ ಮುಂಚೆಯೇ.

ನಮಗೆ ಅಷ್ಟು ಕಾಯಬೇಕಿರಲಿಲ್ಲ. 2010ರ ಜನವರಿ 15, ಸಂಕ್ರಾಂತಿಯ ಮರುದಿನ, ಕಂಕಣ ಗ್ರಹಣ ಇತ್ತು. ಕನ್ಯಾಕುಮಾರಿ, ರಾಮೇಶ್ವರದಲ್ಲಿ ಸುಮಾರು ಹತ್ತು ನಿಮಿಷ ಬಳೆಯಂಥದ್ದು, ಕರ್ನಾಟಕಕ್ಕೆ ಭಾಗಶಃ. ನಡುಮಧ್ಯಾಹ್ನ, ಸೂರ್ಯ ಎತ್ತರದಲ್ಲಿ, ಮಳೆಗಾಲವಲ್ಲ. ಕಟ್ಟಡದ ನೆಪ, ಮೋಡದ ನೆಪ ಎರಡೂ ಇರಲಿಲ್ಲ. ಗ್ರಹಣ ಪೂರ್ತಿ ಹೊತ್ತು ಭಾಗಶಃ ಅಥವಾ ಕಂಕಣವೇ ಆದ್ದರಿಂದ ಒಂದು ಕ್ಷಣವೂ ಬರಿಗಣ್ಣಿನಲ್ಲಿ ನೋಡುವಂತಿರಲಿಲ್ಲ. ಜಿಲ್ಲೆವಾರು ಸಮಯ, ತೂತಿನ ರಟ್ಟು ಮಾಡುವ ಬಗೆ, ಕಣ್ಣಿನ ಎಚ್ಚರಿಕೆ, ಎಲ್ಲ ಸೇರಿಸಿ ಇನ್ನೂರು ಪದದ ಒಂದು ಬಾಕ್ಸ್ ಐಟಂ 2009ರ ಡಿಸೆಂಬರ್ ಕೊನೆಗೆ ಇಲ್ಲಿ ಹಾಕುತ್ತೇವೆ ಅಂದಿದ್ದೆವು. ಯಾವ ಡೆಸ್ಕಿನವರು ಬೇಕಾದರೂ ಎತ್ತಿಕೊಳ್ಳಲಿ ಅಂತ. ನಮ್ಮ ಹೆಸರು ಹಾಕುವುದು ಬೇಕಿರಲಿಲ್ಲ.